ತುಟಿಯ ಮುಂದಿನ ನಾರು

ಸೈನ್ಯದಲ್ಲಿ ನಾನು ವೈರ್‌ಲೆಸ್ ವಿಭಾಗದಲ್ಲಿದ್ದವನು. ನಿವೃತ್ತನಾಗಿ ತುರುವೇಕೆರೆ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಬಂದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ತೋಟ ಸುತ್ತುವುದು, ಏಳಕ್ಕೆ ರೇಡಿಯೊ ವಾರ್ತೆ ಕೇಳುವುದು ತಪ್ಪಲಿಲ್ಲ. ತೊಂಬತ್ತರ ದಶಕದ ಕೊನೆಗೆ ನನ್ನ ತಂಗಿಯ ಮಗಳು ಬಿ.ಎಡ್. ಮುಗಿಸಿ, ಕೆಲಸ ಹುಡುಕಿಕೊಂಡು ನಮ್ಮ ಮನೆಗೆ ಬಂದಳು. ಹಂದನಕೆರೆ ಆಚೆಯ ಕುರಿ ಸಾಕುವವರ ಹಟ್ಟಿಯಲ್ಲಿ ಬೆಳೆದ ಹುಡುಗಿ. ಅಲ್ಲಿ ಅಷ್ಟರ ಮಟ್ಟಿಗೆ ಓದಿದ ಹೆಣ್ಣುಮಗಳು ಅವಳೊಬ್ಬಳೇ.

ಪಟ್ಟಣದಲ್ಲಿ ಆಗಷ್ಟೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಗಿತ್ತು. ಸಂದರ್ಶನದಲ್ಲಿ ಅವಳಿಂದ ಇಂಗ್ಲಿಷಿನ ಒಂದು ಪುಟ ಓದಿಸಿದ ಶಾಲೆಯ ಕಾರ್ಯದರ್ಶಿ, ಮಾರ್ಕ್ಸ್ ಚೆನ್ನಾಗಿದೆ, ನಾಲಿಗೆ ಮಾತ್ರ ಇನ್ನೂ ಹಟ್ಟಿಯಲ್ಲೇ ಇದೆ ಎಂದರಂತೆ. ಆದರೂ ಬಾಗಿಲು ಮುಚ್ಚಲಿಲ್ಲ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಬಂದು ಮಕ್ಕಳ ಮುಂದೆ ಪಾಠ ಮಾಡಿ ತೋರಿಸಲಿ, ಆಮೇಲೆ ನೋಡೋಣ ಎಂದು ಕಳಿಸಿದರು. ಆ ವರ್ಷ ಸುತ್ತಮುತ್ತ ಬೇರೆಲ್ಲೂ ಕೆಲಸ ಖಾಲಿ ಇರಲಿಲ್ಲ. ಇದು ತಪ್ಪಿದರೆ ಅವಳು ಹಟ್ಟಿಗೆ ವಾಪಸು ಹೋಗಬೇಕಿತ್ತು.

ಮನೆಗೆ ಬಂದವಳೇ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು. "ಬುಡಿ ಮಾವ, ನನ್ ಬಾಯಿಗೆ ಅದು ಬರಕಿಲ್ಲ."

ಚೀಲವನ್ನು ಅಟ್ಟಕ್ಕೆ ಎಸೆದೆ. ನಾಳೆ ಆರಕ್ಕೆ ತೋಟದಲ್ಲಿರಬೇಕು ಎಂದೆ.

ಸೈನ್ಯದ ಬ್ಯಾರಕ್ಕಿನಲ್ಲಿ ನಾನು ಎಲ್ಲ ಥರದ ಇಂಗ್ಲಿಷ್ ಕೇಳಿದ್ದೆ. ಪಂಜಾಬಿನವನು 'ಸಕೂಲ್' ಎನ್ನುತ್ತಿದ್ದ, ಉತ್ತರ ಪ್ರದೇಶದವನು 'ಇಸ್ಕೂಲ್' ಎನ್ನುತ್ತಿದ್ದ. ಬಂಗಾಳದವನ ಬಾಯಲ್ಲಿ ವಕಾರವೆಲ್ಲ ಭಕಾರವಾಗುತ್ತಿತ್ತು. ನಾನು ಪ್ರತಿ ಪದಕ್ಕೂ ಕೊನೆಯಲ್ಲೊಂದು ಉಕಾರ ಅಂಟಿಸುತ್ತಿದ್ದೆ. ನಮ್ಮ ನಾಲಿಗೆಗೆ ವ್ಯಂಜನದ ಮೇಲೆ ನಿಂತು ಅಭ್ಯಾಸವಿಲ್ಲ, ಸ್ವರದ ಮೇಲೆ ಕಾಲೂರಿದರೇ ಅದಕ್ಕೆ ನೆಮ್ಮದಿ. ಹೀಗಿದ್ದೂ ನಮ್ಮ ಸಂದೇಶಗಳು ಮುಟ್ಟುತ್ತಿದ್ದವು. ಅಲ್ಲಿ ನಿಯಮವಿತ್ತು. ನಿಧಾನವಾಗಿ ಹೇಳಬೇಕು, ಆ ಕಡೆಯವನು ಕೇಳಿದ್ದನ್ನು ತಿರುಗಿ ಹೇಳಬೇಕು, ತಪ್ಪಾಗಿದ್ದರೆ ಮತ್ತೆ ಹೇಳಬೇಕು. ಇದರಲ್ಲಿ ನಾಚಿಕೆಗೆ ಜಾಗವಿರಲಿಲ್ಲ.

ಅದೇ ನಿಯಮ ತೋಟಕ್ಕೂ ಬಂತು. ಮರಗಳ ಸಾಲಿನ ಆ ತುದಿಯಲ್ಲಿ ನಿಂತು ಅವಳು ಓದುತ್ತಿದ್ದಳು, ಈ ತುದಿಯಲ್ಲಿ ನಿಂತು ನನಗೆ ಕೇಳಿಸಿದ್ದನ್ನು ನಾನು ಕೂಗಿ ಹೇಳುತ್ತಿದ್ದೆ. ಕನ್ನಡದಲ್ಲಿ ನಾವು ಅಕ್ಷರ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನವರು ಒಂದು ಕಡೆ ಒತ್ತಿ, ಉಳಿದದ್ದನ್ನು ತೇಲಿಸಿಬಿಡುತ್ತಾರೆ. ಇದನ್ನು ಬಾಯಲ್ಲಿ ಹೇಳಿದರೆ ಅವಳಿಗೆ ಹಿಡಿತಕ್ಕೆ ಸಿಗಲಿಲ್ಲ. ನೆಲಕ್ಕೆ ನೆಟ್ಟ ಸಲಾಕೆಯಲ್ಲಿ ಕಾಯಿ ಸುಲಿಯುವುದನ್ನು ತೋರಿಸಿದೆ. ಒಂದು ಸಲ ಬಲವಾಗಿ ಚುಚ್ಚಬೇಕು, ಆಮೇಲಿನದೆಲ್ಲ ಹಗುರವಾದ ತಿರುವು. ಎಲ್ಲ ಕಡೆ ಒಂದೇ ಸಮ ಬಲ ಹಾಕಿದರೆ ಕೈ ಸೋಲುತ್ತದೆ, ಕಾಯಿಯ ಮೇಲಿನ ನಾರಿನ ಮಟ್ಟೆ ಬಿಡುವುದಿಲ್ಲ. 'ಡೆವಲಪ್‌ಮೆಂಟ್' ಎಂಬ ಪದವನ್ನು ಹಾಗೆ ಚುಚ್ಚಿ ತಿರುವಿಯೇ ಅವಳು ಕಲಿತದ್ದು.

ನಮ್ಮ ಪಕಾರಕ್ಕೆ ಉಸಿರು ಹೊರಗೆ ನುಗ್ಗುವುದಿಲ್ಲ. ಅವರ 'ಪೇಪರ್', 'ಪೆನ್' ಇವುಗಳ ಮೊದಲ ಅಕ್ಷರಕ್ಕೆ ಸಣ್ಣದೊಂದು ಗಾಳಿ ಬರುತ್ತದೆ. ತೆಂಗಿನ ನಾರಿನ ಒಂದು ಎಳೆಯನ್ನು ತುಟಿಯ ಮುಂದೆ ಹಿಡಿಯಲು ಹೇಳಿದೆ. ಎಳೆ ಅಲುಗಿದರೆ ಸರಿ, ಅಲುಗದಿದ್ದರೆ ಮತ್ತೆ ಹೇಳಬೇಕು. ಪಾತ್ರೆ ತೊಳೆಯುವಾಗಲೂ ಅವಳು ಎದುರಿನ ನಲ್ಲಿಗೆ 'ಪೈಪ್, ಪೈಪ್' ಎಂದು ಹೇಳಿಕೊಳ್ಳುತ್ತಿದ್ದಳು.

ಪಾಠದ ದಿನ ಹತ್ತಿರವಾದಂತೆ ಹೊಸ ತೊಂದರೆ ಹುಟ್ಟಿತು. ನಮ್ಮ ಸೀಮೆಯ ಹಳ್ಳಿಗರು ಹಕಾರವನ್ನು ನುಂಗುತ್ತಾರೆ. ಹಾಲು 'ಆಲು' ಆಗುತ್ತದೆ, ಹಳ್ಳಿ 'ಅಳ್ಳಿ' ಆಗುತ್ತದೆ. ಇವಳು ಅದನ್ನು ತಿದ್ದಿಕೊಳ್ಳುವ ಭರದಲ್ಲಿ ಇಲ್ಲದ ಕಡೆಯೂ ಹಕಾರ ಹಚ್ಚತೊಡಗಿದಳು. ಎಗ್ ಎಂಬುದು 'ಹೆಗ್' ಆಯಿತು, ಆಪಲ್ 'ಹಾಪಲ್' ಆಯಿತು. ಒಂದು ಬೆಳಗ್ಗೆ ನನ್ನ ಹೆಂಡತಿಯನ್ನು 'ಹತ್ತೆ' ಎಂದು ಕರೆದಳು.

"ನೀವು ಹಿಂಗೇ ಗದರಿಸ್ತಿದ್ರೆ ಮಗಾ ನಿಮ್ಮನ್ನ 'ಹಮಾವ' ಅಂತದೆ, ನೋಡ್ತಿರಿ," ಎಂದಳು ನನ್ನಾಕೆ.

ಹುಡುಗಿ ನಗಲಿಲ್ಲ. ಹೆದರಿಕೆಯಿಂದ ಹುಟ್ಟಿದ ತಪ್ಪು ಗದರಿಕೆಯಿಂದ ಹೋಗುವುದಿಲ್ಲ ಎಂದು ನನಗೂ ತಿಳಿಯಿತು. ಅಂದಿನಿಂದ ಪದಗಳನ್ನು ತಿದ್ದುವುದು ನಿಲ್ಲಿಸಿ ಒಂದೇ ಒಂದನ್ನು ಅಭ್ಯಾಸ ಮಾಡಿಸಿದೆ: ತಪ್ಪಿದರೆ ನಿಲ್ಲು, ಉಸಿರು ತಗೋ, ಮತ್ತೆ ಹೇಳು, ಮುಂದೆ ಹೋಗು.

ಪಾಠದ ದಿನ ಅವಳಿಗೆ ಮೂರನೇ ತರಗತಿ ಕೊಟ್ಟರು. ನಾನು ಹೊರಗಿನ ಪಡಸಾಲೆಯ ಬೆಂಚಿನಲ್ಲಿ ಕುಳಿತೆ, ಕಿಟಕಿ ತೆರೆದಿತ್ತು. ಕಾರ್ಯದರ್ಶಿ ಹಿಂದಿನ ಸಾಲಿನಲ್ಲಿದ್ದರು. ಪಾಠ ಚೆನ್ನಾಗಿಯೇ ಸಾಗಿತು. ಹಣ್ಣು, ಮೊಟ್ಟೆ, ಹಾಲಿನ ಚಿತ್ರಗಳನ್ನು ಎತ್ತಿ ತೋರಿಸುತ್ತ ಬಂದವಳು ಮೊಟ್ಟೆಯ ಚಿತ್ರ ಹಿಡಿದು 'ಹೆಗ್' ಎಂದುಬಿಟ್ಟಳು. ಮುಂದಿನ ಬೆಂಚಿನ ಒಂದು ಹುಡುಗಿ ಕಿಸಕ್ಕನೆ ನಕ್ಕಿತು. ನಾನು ಬೆಂಚಿನ ಅಂಚು ಹಿಡಿದುಕೊಂಡೆ.

ಅವಳು ನಿಂತಳು, ಉಸಿರು ತೆಗೆದುಕೊಂಡಳು, ಸರಿಯಾಗಿ ಹೇಳಿದಳು. ಆಮೇಲೆ ನಾನು ಹೇಳಿಕೊಡದ ಕೆಲಸವೊಂದನ್ನು ಮಾಡಿದಳು. ತನ್ನ ಚೀಲದಿಂದ ನಾರಿನ ಎಳೆಗಳನ್ನು ತೆಗೆದು ಮಕ್ಕಳಿಗೆಲ್ಲ ಹಂಚಿ, ತುಟಿಯ ಮುಂದೆ ಹಿಡಿಸಿದಳು. 'ಹೆನ್' ಎಂದಾಗ ಎಳೆ ಅಲುಗಿತು, 'ಎಗ್' ಎಂದಾಗ ಅಲುಗಲಿಲ್ಲ. ಮಕ್ಕಳು ಒಬ್ಬರ ಎಳೆಯನ್ನು ಒಬ್ಬರು ನೋಡುತ್ತ ಹೇಳಿದ್ದೇ ಹೇಳಿದರು. ನಕ್ಕ ಹುಡುಗಿಯ ದನಿಯೇ ಎಲ್ಲರಿಗಿಂತ ಜೋರು.

ಗಂಟೆ ಹೊಡೆದ ಮೇಲೆ ಕಾರ್ಯದರ್ಶಿ ಅವಳನ್ನು ಪಡಸಾಲೆಗೆ ಕರೆದರು. ಮೇಷ್ಟ್ರೇ ಮಕ್ಕಳ ಮುಂದೆ ತಪ್ಪು ಹೇಳಿದರೆ ಗೌರವ ಉಳಿಯುತ್ತದೆಯೇ ಎಂದು ಕೇಳಿದರು.

"ತಪ್ಪಿದ್ದನ್ನ ಅಲ್ಲೇ ತಿದ್ದುದ್ನಲ್ಲ ಸಾರ್," ಎಂದಳು. "ಆ ಮಕ್ಕಳ ಮನೇಲೂ ನಮ್ಮ ಮನೆ ಮಾತೇ ಆಡ್ತಾರೆ. ಎಲ್ಲೆಲ್ಲಿ ನಾಲಿಗೆ ಎಡವುತ್ತೆ ಅಂತ ನಂಗೆ ಗೊತ್ತು. ಎಡವದೇ ಇರೋರು ಬಂದ್ರೆ ಅವ್ರಿಗೆ ಅದು ಗೊತ್ತಾಗಕಿಲ್ಲ."

ಅವರು ನನ್ನ ಕಡೆ ತಿರುಗಿ, ಇದನ್ನೂ ನೀವೇ ಹೇಳಿಕೊಟ್ಟಿರಾ ಎಂದರು. ಇಲ್ಲ ಎಂದೆ. ಅವರು ತರಗತಿಯ ಕಡೆ ನೋಡಿದರು. ಒಳಗೆ ಮಕ್ಕಳು ಇನ್ನೂ ಎಳೆ ಹಿಡಿದು ಊದುತ್ತಿದ್ದರು. ಒಂದು ವರ್ಷ ನೋಡುತ್ತೇವೆ, ಸೋಮವಾರ ಒಂಬತ್ತಕ್ಕೆ ಬರಬೇಕು ಎಂದರು.

"ಎಂಟೂವರೆಗೇ ಬತ್ತೀನಿ ಸಾರ್," ಎಂದು ಹೇಳಿ, ಎಳೆಗಳನ್ನು ವಾಪಸು ಇಸಿದುಕೊಳ್ಳಲು ಅವಳು ತರಗತಿಯೊಳಗೆ ಹೋದಳು.