ಮರಿಯಮ್ಮ ಕರೆದ ಔತಣ

ಮರಿಯಮ್ಮನವರ ಮನೆಯಲ್ಲಿ ಕಾಯಿಲೆ ಎಂದು ನಾನು ಸಭೆಯವರಿಗೆ ಹೇಳಿದ್ದು ಸುಳ್ಳು. ಪಾಸ್ಟರಿಗೆ ಹುಷಾರಿಲ್ಲ, ಕೂಟ ಇಲ್ಲ ಎಂದು ಮರಿಯಮ್ಮನವರಿಗೆ ಹೇಳಿದ್ದೂ ಸುಳ್ಳು. ಎರಡನ್ನೂ ಒಂದೇ ದಿನ ಹೇಳಿದೆ — ಬೈಬಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೇ.

ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದ ನಮ್ಮ ಸಣ್ಣ ಸಭೆಯಲ್ಲಿ ಶುಕ್ರವಾರದ ಪ್ರಾರ್ಥನಾ ಕೂಟ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತಿತ್ತು. ಯಾರ ಮನೆ ಎಂದು ಗೊತ್ತುಮಾಡುವವನು ನಾನು, ವಾಕ್ಯ ವಿವರಿಸುವವನೂ ನಾನೇ. ಆ ತಿಂಗಳು ದೇವರ ರಾಜ್ಯದ ಸಾಮ್ಯಗಳನ್ನು, ಅಂದರೆ ಯೇಸು ಹೇಳಿದ ಕಥೆಗಳನ್ನು ಹಿಡಿದಿದ್ದೆ. ಸಾಸಿವೆ ಕಾಳು, ಹುಳಿಹಿಟ್ಟು ಮುಗಿಸಿ ಔತಣದ ಕಥೆಗೆ ಬಂದಿದ್ದೆ. ಚೆನ್ನಾಗಿ ಹೇಳುತ್ತೇನೆಂಬ ಜಂಬ ಬೇರೆ.

ಮರಿಯಮ್ಮನವರು ಯಡಿಯೂರು ಕೆರೆಯ ಹಿಂದಿನ ಗುಡಿಸಲುಗಳಲ್ಲಿದ್ದರು, ನಮ್ಮ ಕಡೆಯ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ತಮ್ಮ ಮನೆಯಲ್ಲೂ ಒಂದು ಸಲ ಕೂಟ ಇಡಿಸಿ ಎಂದು ಕೇಳುತ್ತಲೇ ಇದ್ದರು, ಕೊನೆಗೆ ನಾನು ಹೂಂ ಅಂದುಬಿಟ್ಟಿದ್ದೆ. ಅಂದ ಮೇಲೆ ಕಸಿವಿಸಿ ಶುರುವಾಯಿತು. ಕೂಟ ಮುಗಿದ ಮೇಲೆ ಆ ಮನೆಯವರು ಕೊಟ್ಟ ತಿಂಡಿಯನ್ನು ಎಲ್ಲರೂ ಕೂತು ತಿನ್ನುವುದು ನಮ್ಮ ವಾಡಿಕೆ. ನಮ್ಮಲ್ಲಿ ಕೆಲವರಿಗೆ — ಕೆಲವರು ಯಾಕೆ, ನನಗೇ — ಅವರ ಮನೆಯ ನೀರು ಕುಡಿಯಲೂ ಮನಸ್ಸಿರಲಿಲ್ಲ. ಕ್ರಿಸ್ತನನ್ನು ನಂಬಿದ್ದೆ, ಜಾತಿಯನ್ನು ಬಿಟ್ಟಿರಲಿಲ್ಲ. ಇದನ್ನು ಬೇರೆ ಹೇಗೆ ಹೇಳಿದರೂ ಅದು ಮೂರನೆಯ ಸುಳ್ಳಾಗುತ್ತದೆ.

ಆ ಶುಕ್ರವಾರ ಮಧ್ಯಾಹ್ನ ಅವರ ಬಾಗಿಲಿಗೆ ಹೋದಾಗ ನೆಲ ಸಾರಿಸಿ, ಯಾರದೋ ಜಮಖಾನ ತಂದು ಹಾಸಿದ್ದರು. ಅದನ್ನು ನೋಡಿದ ಮೇಲೂ ಹೇಳಿದೆ. ಕೂಟ ನನ್ನ ಮನೆಯಲ್ಲಿ ನಡೆಯಿತು. ಹೊಲ ಕೊಂಡವನು, ಎತ್ತು ಕೊಂಡವನು, ಹೊಸದಾಗಿ ಮದುವೆಯಾದವನು — ಔತಣ ತಪ್ಪಿಸಿಕೊಳ್ಳಲು ನೆಪ ಹೇಳಿದವರನ್ನೆಲ್ಲ ಲೇವಡಿ ಮಾಡಿದೆ. ಎಲ್ಲರೂ ನಕ್ಕರು. ಔತಣ ಕರೆದ ಯಜಮಾನ ಕೊನೆಗೆ ಬೀದಿಯ ಬಡವರನ್ನು ಕರೆಸಿದಂತೆ ನಾವೂ ಅವರನ್ನು ಒಳಗೆ ಕರೆತರಬೇಕು ಎಂದು ಮುಗಿಸಿದೆ.

ಮರುದಿನ ಬೆಳಿಗ್ಗೆ ಮರಿಯಮ್ಮನವರು ಡಬ್ಬಿ ಹಿಡಿದು ಬಂದರು.

"ನಿಮ್ಗೆ ಬರಕ್ಕಾಗ್ಲಿಲ್ವಲ್ಲ ಬ್ರದರ್, ಅದಕ್ಕೆ ಕೇಸರಿಬಾತ್ ನಾನೇ ತಂದೆ. ಅಕ್ಕಪಕ್ಕದೋರೆಲ್ಲ ಬಂದು ಕೂತ್ಕೊಂಡಿದ್ರು. ಪಾಸ್ಟರ್‌ಗೆ ವಾಸಿ ಆಗ್ಲಿ ಅಂತ ಪ್ರಾರ್ಥನೆ ಮಾಡಿದ್ವಿ."

ಡಬ್ಬಿ ತೆಗೆದುಕೊಂಡೆ. ತಿನ್ನಲಿಲ್ಲ — ಅದನ್ನೂ ಹೇಳಿಬಿಡಬೇಕು.

ಭಾನುವಾರ ಅವರು ಪಾಸ್ಟರನ್ನು ಹುಷಾರಾ ಎಂದು ಕೇಳಿದರು. ಪಾಸ್ಟರೂ ಮನೆಯಲ್ಲಿ ಎಲ್ಲ ಹುಷಾರಾ ಎಂದು ಕೇಳಿದರು. ಇಬ್ಬರೂ ದೇವರ ದಯೆ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಒಳ್ಳೆಯತನದಲ್ಲಿ ನನ್ನ ಸುಳ್ಳು ಉಳಿದುಕೊಂಡಿತು. ಆಮೇಲೆ ಒಮ್ಮೆ ಮರಿಯಮ್ಮನವರು ಮತ್ತೆ ಯಾವಾಗ ಬರುತ್ತೀರಿ ಎಂದರು. ನೋಡೋಣ ಎಂದೆ. ಮತ್ತೆ ಅವರು ಕೇಳಲಿಲ್ಲ.

ಆ ಸಾಮ್ಯವನ್ನು ನಾನು ಯಾವಾಗಲೂ ಕರೆಯುವ ಯಜಮಾನನ ಪಕ್ಕದಲ್ಲಿ ನಿಂತೇ ಓದುತ್ತಿದ್ದೆ. ನಾವು ಕರೆಯುವವರು, ಬಡವರು ಬರುವವರು — ಇಂದಿಗೂ ನಮ್ಮ ಸಭೆಗಳಲ್ಲಿ ಹಾಗೆಯೇ ಓದುತ್ತೇವೆ. ಆದರೆ ಅಂದು ದೇವರ ರಾಜ್ಯದ ಔತಣ ಯಡಿಯೂರಿನ ಗುಡಿಸಲಿನಲ್ಲಿ ನಮಗಾಗಿ ಕಾದಿತ್ತು, ಕೊನೆಗೆ ನಾವಿಲ್ಲದೆಯೇ ನಡೆದೂ ಹೋಯಿತು. ನೆಪ ಹೇಳಿದವನು ನಾನು. ಉಳಿದವರ ನೆಪವನ್ನೂ ಅವರಿಗೇ ತಿಳಿಯದಂತೆ ನಾನೇ ಹೇಳಿದೆ.

ಎಂಬತ್ತರ ದಶಕದಲ್ಲಿ ಆ ಗುಡಿಸಲುಗಳು ಹೋದವು. ಮರಿಯಮ್ಮನವರು ಸುಬ್ರಹ್ಮಣ್ಯಪುರದ ಕಡೆ ಹೋದರೆಂದು ಕೇಳಿದೆ, ಹುಡುಕಲಿಲ್ಲ. ಈಗ ಅವರಿಲ್ಲ. ಅವರ ಕ್ಷಮೆ ಕೇಳಲು ನನಗೆ — ಇರಲಿ. ಅಂದು ನನ್ನ ಮನೆಯಲ್ಲಿ ಕೂತು ನಕ್ಕ ನೀವು ಕೆಲವರಾದರೂ ಇದ್ದೀರಿ, ನಿಮಗೆ ಹೇಳಲೇಬೇಕು. ಆ ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಮರಿಯಮ್ಮನವರು ನಿಮ್ಮನ್ನು ಕರೆದಿದ್ದರು.