ಚಕಲಿ ಮಷೀನಿನ್ಯಾಗ ಆಲೂಗಡ್ಡಿ

ಗೆಳತ್ಯಾರ, ನಮ್ಮ ಮಾವನವರು ಮೊನ್ನೆ ಬಾಗಲಕೋಟ್ಯಾಗ ಉಳಿದ ಹಲ್ಲೆಲ್ಲಾ ತೆಗಿಸಿಕೊಂಡು ಬಂದಾರ. ಎರಡು ದಿನ ಬರೇ ಗಂಜಿ ಕುಡಿದು, ಇವತ್ತ ಅದನ್ನೂ ಒಲ್ಲೆ ಅಂದ್ರು. ನಾ ಆಲೂಗಡ್ಡಿ ಕುದಿಸಿ, ಬಿಸಿ ಇದ್ದಾಗನ ಸಿಪ್ಪಿ ಸುಲಿದು, ಸಣ್ಣ ಶೇವಿನ ಬಿಲ್ಲಿ ಹಾಕಿ ಚಕಲಿ ಮಷೀನಿನ್ಯಾಗ ಒತ್ತಿದೆ. ಒಂದೂ ಗಂಟಿಲ್ಲದಂಗ ಹತ್ತಿಹಂಗ ಬಿತ್ತು. ಬಿಸಿ ಹಾಲು, ಬೆಣ್ಣಿ, ಉಪ್ಪು ಹಾಕಿ ಕಲಸಿದೆ.

ಅಷ್ಟರಾಗ ಅತ್ತಿಯವರು ಬಂದು, "ಅಯ್ಯ, ನನ್ನ ತವರುಮನಿ ಮಷೀನಿಗೆ ಆಲೂಗಡ್ಡಿ ಹಾಕಿದ್ಯಾ? ಕೈಲೆ ಹಿಚುಕಾಕ ಏನಾಗಿತ್ತು?" ಅಂದ್ರು.

"ಗಂಟು ಉಳದ್ರ ವಸಡಿಗೆ ಒತ್ತತಾವ್ರಿ ಅತ್ತಿ," ಅಂದೆ.

ಮಾವ ಎರಡು ಬಟ್ಟಲ ತಿಂದು ಮತ್ತ ಕೈ ಚಾಚಿದ್ರು. ಅತ್ತಿ ಮಷೀನು ನನ್ನ ಕೈಯಿಂದ ಕಸಗೊಂಡು, "ಇನ್ನ ನಾಕು ಕುದಿಸು, ನಾ ಒತ್ತತೇನಿ," ಅಂದ್ರು.

ಅಂದ್ರ ತಪ್ಪು ಆಲೂಗಡ್ಡಿದಲ್ಲ, ಒತ್ತಿದ ಕೈದು.