ಪಾಲಾಗದ ಊರು

ಸರ್ವೆ ನನ್ನ ಕೆಲಸ. ಮಸ್ಕಿ ಹತ್ತಿರದ ಹೊಲವೊಂದರಲ್ಲಿ ಅಣ್ಣತಮ್ಮಂದಿರಿಗೆ ಒಡ್ಡಿನ ಜಗಳ. ನಾನು ಎಲ್ಲಿ ಕಲ್ಲು ನೆಟ್ಟರೂ ಇಬ್ಬರಲ್ಲೊಬ್ಬ ಕಿತ್ತು ಒಗೆಯುತ್ತಿದ್ದ. ಬಿಸಿಲಿಗೆ ಸಾಕಾಗಿ ಬೇವಿನ ನೆರಳಲ್ಲಿ ಕೂತು ಹೇಳಿದೆ: "ಯುರೋಪಿನಾಗ ವ್ಯಾಟಿಕನ್ ಅಂತ ಊರದ. ನೂರಾ ಹತ್ತು ಎಕರೆದಾಗ ಇಡೀ ಊರದ, ಅದೇ ಒಂದು ದೇಶ. ನಿಮಗ ಇಷ್ಟಗಲ ಒಡ್ಡು ದೊಡ್ಡದಾತೇನ್ರಿ?"

ಅಣ್ಣ ಕೇಳಿದ: "ಅದರ ಯಜಮಾನ ಯಾರ್ರಿ?"

"ಪೋಪ್ ಅಂತ, ಕ್ರೈಸ್ತರ ದೊಡ್ಡ ಗುರುಗಳು. ಮದುವಿ ಆಗಂಗಿಲ್ಲ, ಮಕ್ಕಳಿಲ್ಲ."

"ಮತ್ತ ಪಾಲು ಕೇಳೋರು ಯಾರದಾರ್ರೀ? ಅದಕ್ಕ ಉಳದದ."

"ಖರೇ ನೋಡ್ರಿ," ಎಂದು ತಮ್ಮ ತಲೆಯಾಡಿಸಿದ.

ಬೆಳಗಿನಿಂದ ಇಬ್ಬರೂ ಒಪ್ಪಿದ್ದು ಅದೊಂದೇ ಮಾತು. ಅದನ್ನು ನಕ್ಷೆಯಲ್ಲಿ ಎಲ್ಲಿ ತೋರಿಸಲಿ?